ನೀರಿಗೂ ಇಳಿಯುವ ಹಳೇ ಆರು ಚಕ್ರದ ಗಾಡಿ: ಎಂಜಿನ್ ಆಮೇಲೆ, ಮೊದಲು ಟಬ್

ಪ್ರಶ್ನೆ: ಸರ್, ನಾನು ಕೆನಡಾದ ಒಂಟಾರಿಯೊದಲ್ಲಿದ್ದೇನೆ. ಒಬ್ಬ ರೈತರ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮ್ಯಾಕ್ಸ್ 2 ಎಂಬ ಆರು ಚಕ್ರದ ಗಾಡಿ ಕೊಂಡಿದ್ದೇನೆ. 1970ರ ದಶಕದ್ದು. ನೆಲದ ಮೇಲೂ ಹೋಗುತ್ತೆ, ನೀರಿನ ಮೇಲೂ ಹೋಗುತ್ತೆ ಅಂತಾರೆ. ಟು-ಸ್ಟ್ರೋಕ್ ಎಂಜಿನ್ ಜಾಮ್ ಆಗಿದೆ. ದೋಣಿಯಂಥ ಕೆಳಭಾಗ, ಅಂದರೆ ಪ್ಲಾಸ್ಟಿಕ್ ಟಬ್, ಎರಡು ಕಡೆ ಬಿರುಕು ಬಿಟ್ಟಿದೆ, ಅದಕ್ಕೆ ಫೈಬರ್‌ಗ್ಲಾಸ್ ಕಿಟ್ ತಂದಿಟ್ಟಿದ್ದೇನೆ. ತಳ್ಳಿ ನೋಡಿದಾಗ ಎಡಗಡೆ ಲಿವರ್ ಎಳೆದರೂ ಆ ಕಡೆಯ ಚಕ್ರಗಳು ನಿಲ್ಲಲಿಲ್ಲ. ಹೊಸ ಎಂಜಿನ್ ಕೂರಿಸುವುದರಿಂದ ಕೆಲಸ ಶುರು ಮಾಡಬಹುದಾ? ಮನೆಯಲ್ಲಿ ಗ್ಯಾರೇಜ್ ಇದೆ, ಸಾಮಾನ್ಯ ಟೂಲ್ಸ್ ಇವೆ, ವೆಲ್ಡಿಂಗ್ ಬರುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಲೇಕ್‌ಗೆ ಇಳಿಸುವ ಆಸೆ.

ಉತ್ತರ: ಎಂಜಿನ್‌ಗೆ ದುಡ್ಡು ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಇಂಥ ಗಾಡಿ ಸಿಕ್ಕವರು ಹೆಚ್ಚಾಗಿ ಶುರು ಮಾಡುವುದೇ ಅಲ್ಲಿಂದ. ಎಂಜಿನ್ ಒಮ್ಮೆ ಗುರ್ ಅಂದರೆ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಇದು ಮೊದಲು ದೋಣಿ, ಆಮೇಲೆ ಗಾಡಿ. ತಳದ ಹತ್ತಿರ ಆರು ತೂತು, ಪ್ರತಿ ತೂತಿನಲ್ಲೂ ತಿರುಗುವ ಒಂದು ಆಕ್ಸೆಲ್, ಪ್ರತಿ ಆಕ್ಸೆಲ್‌ಗೆ ಸಾಮಾನ್ಯವಾಗಿ ಎರಡು ಬೇರಿಂಗ್. ಅವನ್ನು ತಿರುಗಿಸುವ ಚೈನುಗಳು ಟಬ್ಬಿನ ಒಳಗೆ, ನೀರು ನಿಲ್ಲುವ ಜಾಗದಲ್ಲೇ ಇವೆ. ಸಮಯವೂ ದುಡ್ಡೂ ನಿಜವಾಗಿ ಹೋಗುವುದು ಅಲ್ಲಿ. ಎಂಜಿನ್ ಹೊರಗಿದ್ದಾಗ ಮಾತ್ರ ಅಲ್ಲಿಗೆ ಕೈ ಸಲೀಸಾಗಿ ಹೋಗುತ್ತದೆ. ಹೊಸ ಎಂಜಿನ್ ಕೂರಿಸಿ, ಓಡಿಸಿ, ಆಮೇಲೆ ಬೇರಿಂಗ್ ಹೋಗಿದೆ ಅಂತ ಗೊತ್ತಾದರೆ ಅದೇ ಎಂಜಿನ್ನನ್ನು ಮತ್ತೆ ಎತ್ತಬೇಕು. ಜಾಮ್ ಆಗಿರುವ ಎಂಜಿನ್ ಒಂದು ಲೆಕ್ಕದಲ್ಲಿ ನಿಮಗೆ ಅನುಕೂಲವೇ. ನಾಲ್ಕು ಬೋಲ್ಟ್ ಬಿಚ್ಚಿ ಪಕ್ಕಕ್ಕಿಡಿ.

ಬಿಡಿಭಾಗ ಹುಡುಕುವ ಮುನ್ನ ಈ ಗಾಡಿಯ ಹಿನ್ನೆಲೆ ಸ್ವಲ್ಪ ತಿಳಿದಿರಲಿ. 1960ರ ದಶಕದ ಶುರುವಿನಲ್ಲಿ ಕೆನಡಾದಲ್ಲೇ ಜೈಗರ್ ಎಂಬ ಆರು ಚಕ್ರದ ಪುಟ್ಟ ಗಾಡಿ ಬಂತು. ಅದರ ಹಿಂದೆ ಆಂಫಿಕ್ಯಾಟ್, ಅಟೆಕ್ಸ್, ಹಸ್ಲರ್, ಸ್ಕ್ರ್ಯಾಂಬ್ಲರ್ ಅಂತ ಸಾಲು ಸಾಲು ಹೆಸರುಗಳು. ನಿಮ್ಮ ಮ್ಯಾಕ್ಸ್ ಮಾಡಿದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ರಿಕ್ರಿಯೇಟಿವ್ಸ್ ಇಂಡಸ್ಟ್ರೀಸ್. ನಿಮ್ಮ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್‌ನಲ್ಲಿ ಒಂಟಾರಿಯೊ ಡ್ರೈವ್ ಅಂಡ್ ಗೇರ್ ಕಂಪನಿ 1967ರಲ್ಲಿ ಮೊದಲ ಆರ್ಗೋ ಮಾಡಿತು. ಆರ್ಗೋ ಇವತ್ತಿಗೂ ಮಾರುಕಟ್ಟೆಯಲ್ಲಿದೆ. ಉಳಿದವುಗಳಲ್ಲಿ ಹೆಚ್ಚಿನವು 1970ರ ದಶಕ ಕಳೆಯುವುದರೊಳಗೆ ಮಾಯವಾದವು. 1970ರಲ್ಲಿ ಹೋಂಡಾ ಮೂರು ಚಕ್ರದ ಯುಎಸ್90 ತಂದಿತು. 1982ರಲ್ಲಿ ಸುಜುಕಿ ನಾಲ್ಕು ಚಕ್ರದ ಕ್ವಾಡ್‌ರನ್ನರ್ ತಂದಿತು. ವೇಗ ಬೇಕಿದ್ದವರು ಆ ಕಡೆ ಹೋದರು. ಜೌಗು ನೆಲ, ಬೇಟೆ, ಮೀನುಗಾರಿಕೆ ಇದ್ದವರು ಮಾತ್ರ ಆರು ಚಕ್ರ ಬಿಡಲಿಲ್ಲ.

ಈ ಸಣ್ಣ ಕಂಪನಿಗಳು ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗೆ ಹಾಕುತ್ತಿದ್ದಂಥ ಎಂಜಿನ್, ಅದೇ ಥರದ ಬೆಲ್ಟ್ ಕ್ಲಚ್, ಅಂಗಡಿಯಲ್ಲಿ ಸಿಗುವ ಅಳತೆಯ ಬೇರಿಂಗ್, ಚೈನ್ ತಂದು ಜೋಡಿಸುತ್ತಿದ್ದರು. ಬೋರ್ಗ್-ವಾರ್ನರ್ ಕಂಪನಿಯ ಟಿ-20 ಎಂಬ ಗೇರ್‌ಬಾಕ್ಸ್ ಆಂಫಿಕ್ಯಾಟ್‌ನಲ್ಲೂ ಇದೆ, ಮ್ಯಾಕ್ಸ್‌ನಲ್ಲೂ ಇದೆ. ಹಾಗಾಗಿ ಗಾಡಿಯ ಹೆಸರು ಹಿಡಿದುಕೊಂಡು ಬಿಡಿಭಾಗ ಹುಡುಕಬೇಡಿ. ಭಾಗದ ಮೇಲಿನ ನಂಬರ್ ಓದಿ. ನಂಬರ್ ಅಳಿಸಿ ಹೋಗಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ಮ್ಯಾಕ್ಸ್ ಬೇರಿಂಗ್ ಅಂತ ಕೇಳಿದರೆ ಅಂಗಡಿಯವನು ತಲೆ ಕೆರೆದುಕೊಳ್ಳುತ್ತಾನೆ. ಒಂದು ಇಂಚು ಬೋರಿನ (ಒಳತೂತಿನ) ಯುಸಿ205-16 ಅಂತ ಕೇಳಿದರೆ ಹೊಲದ ಯಂತ್ರಗಳ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಒಂದೂಕಾಲು ಇಂಚಿನ ಆಕ್ಸೆಲ್ ಆದರೆ ಯುಸಿ206-20.

ಈಗ ಟಬ್. ಆ ಫೈಬರ್‌ಗ್ಲಾಸ್ ಕಿಟ್ ತೆರೆಯುವ ಮೊದಲು ಟಬ್ ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗಬೇಕು. ಆ ಕಾಲದ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಥರ: ಎಬಿಎಸ್ ಮತ್ತು ಎಚ್‌ಡಿಪಿಇ. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು. ಸೀಟಿನ ಅಡಿಯ ಕಾಣದ ಅಂಚಿನಿಂದ ಚಾಕುವಿನಲ್ಲಿ ಒಂದು ಚೂರು ಹೆರೆದು ನೀರಿಗೆ ಹಾಕಿ. ಗುಳ್ಳೆ ಅಂಟಿಕೊಂಡು ಸುಳ್ಳು ಹೇಳಬಾರದು, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ. ತೇಲಿದರೆ ಎಚ್‌ಡಿಪಿಇ, ಮುಳುಗಿದರೆ ಎಬಿಎಸ್ ಇರಬೇಕು. ಇನ್ನೂ ಅನುಮಾನ ಇದ್ದರೆ ಆ ಚೂರಿನ ಮೇಲೆ ಒಂದು ಹನಿ ಅಸಿಟೋನ್ ಬಿಡಿ. ಎಬಿಎಸ್ ಅಂಟಂಟಾಗಿ ಕರಗುತ್ತದೆ. ಎಚ್‌ಡಿಪಿಇಗೆ ಏನೂ ಆಗುವುದಿಲ್ಲ.

ಎಚ್‌ಡಿಪಿಇ ಅಂತ ಗೊತ್ತಾದರೆ ಕಿಟ್ ವಾಪಸ್ ಕೊಟ್ಟುಬಿಡಿ. ಅದರ ಮೇಲೆ ಫೈಬರ್‌ಗ್ಲಾಸ್ ರೆಸಿನ್ ನಿಲ್ಲುವುದಿಲ್ಲ. ಹಚ್ಚಿದ ದಿನ ಕಲ್ಲಿನ ಹಾಗೆ ಇರುತ್ತದೆ, ನಾಲ್ಕು ಕುಲುಕಾಟಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ಎಪಾಕ್ಸಿ, ಸಿಲಿಕೋನ್ ಕಥೆಯೂ ಹೆಚ್ಚು ಕಡಿಮೆ ಅಷ್ಟೇ. ಸಿಲಿಕೋನ್ ಅಂತೂ ಹಚ್ಚಲೇಬೇಡಿ, ಅದರ ಜಿಡ್ಡು ಉಳಿದ ಕಡೆ ಮುಂದೆ ಬೇರೆ ಯಾವ ಕೆಲಸವೂ ಕೂರುವುದಿಲ್ಲ. ಎಚ್‌ಡಿಪಿಇಗೆ ಬಿಸಿ ಗಾಳಿಯ ಪ್ಲಾಸ್ಟಿಕ್ ವೆಲ್ಡಿಂಗ್ ಒಂದೇ ಸರಿಯಾದ ದಾರಿ. ವೆಲ್ಡಿಂಗ್ ಬರುವುದಿಲ್ಲ ಅಂದಿರಿ. ಹೆದರಬೇಡಿ, ಇದರಲ್ಲಿ ಕಿಡಿ ಹಾರುವುದಿಲ್ಲ. ಉಷ್ಣತೆ ಹೊಂದಿಸಬಹುದಾದ ಹೀಟ್ ಗನ್, ಅದರ ಮೂತಿಗೆ ಸಿಕ್ಕಿಸುವ ಸಣ್ಣ ನಳಿಗೆ, ಎಚ್‌ಡಿಪಿಇ ಕಡ್ಡಿ. ಇಷ್ಟು ಸಾಕು.

ಮೊದಲು ಬಿರುಕಿನ ಎರಡೂ ತುದಿಗೆ 3 ಮಿಮೀ ತೂತು ಕೊರೆಯಿರಿ. ಹಾಗೆ ಮಾಡದಿದ್ದರೆ ನೀವು ಮುಚ್ಚಿದ ಬಿರುಕು ಪಕ್ಕದಿಂದ ಮತ್ತೆ ಓಡುತ್ತದೆ. ಬಿರುಕಿನ ಉದ್ದಕ್ಕೂ ವಿ ಆಕಾರದ ಕಾಲುವೆ ಹೆರೆಯಿರಿ. ದಪ್ಪದ ಮುಕ್ಕಾಲು ಭಾಗದಷ್ಟು ಆಳ ಇರಲಿ. ಬಿಸಿಲಿಗೆ ಬಾಡಿದ ಮೇಲ್ಪದರವನ್ನು ವೆಲ್ಡ್ ಮಾಡುವ ಸ್ವಲ್ಪ ಮುಂಚೆ ಬ್ಲೇಡಿನಲ್ಲಿ ಹೆರೆದು ತೆಗೆಯಿರಿ. ಸ್ಯಾಂಡ್‌ಪೇಪರ್‌ಗಿಂತ ಬ್ಲೇಡ್ ಒಳ್ಳೆಯದು, ಉಜ್ಜಿದ ಪುಡಿ ಅಲ್ಲೇ ಕೂರುವುದಿಲ್ಲ. ಗಾಳಿಯ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಟ್ಟುಕೊಂಡು ಕಡ್ಡಿಯನ್ನೂ ಕಾಲುವೆಯನ್ನೂ ಒಟ್ಟಿಗೆ ಕಾಯಿಸಿ. ಎರಡೂ ಒದ್ದೆಯಾದಂತೆ ಹೊಳೆಯಲು ಶುರುವಾದಾಗ ಕಡ್ಡಿಯನ್ನು ಒತ್ತುತ್ತಾ ಮುಂದೆ ಹೋಗಬೇಕು. ಕಡ್ಡಿ ಮಾತ್ರ ಕರಗಿ ಟಬ್ ತಣ್ಣಗಿದ್ದರೆ ಅದು ವೆಲ್ಡ್ ಅಲ್ಲ, ಸುಮ್ನೆ ಮೇಲೆ ಮಲಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಹೊಗೆ ಬಂದರೆ ಬಿಸಿ ಜಾಸ್ತಿ. ತಳದಲ್ಲಿ ತ್ರಿಕೋನದ ಒಳಗೆ 2 ಎಂದಿರುವ ಹಳೇ ಡಬ್ಬ ಎಚ್‌ಡಿಪಿಇಯೇ. ಅದನ್ನು ಕತ್ತರಿಸಿ, ಮತ್ತೆ ಕೂಡಿಸಿ, ಕೈಯಲ್ಲಿ ಬಗ್ಗಿಸಿ ಮುರಿಯಲು ನೋಡಿ. ಅದು ನಿಂತ ಮೇಲೆ ಗಾಡಿಗೆ ಬನ್ನಿ. ಚಳಿಗಾಲದಲ್ಲಿ ಮಾಡುವುದಾದರೆ ಗ್ಯಾರೇಜನ್ನೂ ಟಬ್ಬನ್ನೂ ಬೆಚ್ಚಗೆ ಮಾಡಿಕೊಂಡು ಶುರು ಮಾಡಿ.

ಎಬಿಎಸ್ ಆದರೆ ದಾರಿ ಬೇರೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಜೊತೆ ಒಂದು ರಾತ್ರಿ ಬಿಟ್ಟರೆ ದೋಸೆ ಹಿಟ್ಟಿನಷ್ಟು ಗಟ್ಟಿಯಾಗುತ್ತದೆ. ಬಿರುಕಿಗೆ ಅದನ್ನು ತುಂಬಿ, ಒಳಗಿನಿಂದ ಎಬಿಎಸ್ ತಗಡಿನ ತೇಪೆಯನ್ನು ಅದರಲ್ಲೇ ಅಂಟಿಸಿ. ಒಂದೇ ಸಲ ದಪ್ಪ ಬಳಿಯಬೇಡಿ, ತೆಳುವಾಗಿ ಹಲವು ಪದರ ಹಾಕಿ, ನಡುವೆ ಒಣಗಲು ಬಿಡಿ. ಅಸಿಟೋನ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಬಾಗಿಲು ತೆರೆದಿರಲಿ, ಹೀಟರ್ ಆರಿಸಿ. ಹಳೇ ಎಬಿಎಸ್ ಬಿಸಿಲಿಗೆ ಪೆಡಸಾಗಿರುತ್ತದೆ. ಒಂದು ಬಿರುಕು ಕಂಡರೆ ಬೋಲ್ಟ್ ತೂತುಗಳ ಸುತ್ತ ಇನ್ನೂ ನಾಲ್ಕು ಇರುತ್ತವೆ. ಟಾರ್ಚ್ ಹಿಡಿದು ಹುಡುಕಿ.

ಎರಡೂ ಥರದಲ್ಲಿ ಬಿರುಕು ಎಲ್ಲಿಂದ ಶುರುವಾಯಿತು ಅನ್ನುವುದನ್ನು ನೋಡಲೇಬೇಕು. ಹೆಚ್ಚಾಗಿ ಅದು ಫ್ರೇಮ್ ಬೋಲ್ಟಿನ ಪಕ್ಕ ಇರುತ್ತದೆ. ಫ್ರೇಮ್ ತುಕ್ಕು ಹಿಡಿದು ಮುರಿದಾಗ ಭಾರವೆಲ್ಲ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಫ್ರೇಮ್ ಹಾಗೇ ಬಿಟ್ಟು ಟಬ್ ಮಾತ್ರ ರಿಪೇರಿ ಮಾಡಿದರೆ ಒಂದೇ ಬೇಸಿಗೆಯಲ್ಲಿ ಮತ್ತೆ ಅದೇ ಜಾಗ. ಕಬ್ಬಿಣದ ಫ್ರೇಮನ್ನು ಪೂರ್ತಿ ಹೊರಗೆ ತೆಗೆಯಿರಿ. ಸುತ್ತಿಗೆಯ ಮೊನೆಯಿಂದ ತಟ್ಟುತ್ತಾ ಹೋಗಿ. ಠಣ್ ಅನ್ನುವ ಕಡೆ ಗಟ್ಟಿ, ಮಂಕಾಗಿ ಕೇಳುವ ಕಡೆ ಪೈಪನ್ನು ತುಕ್ಕು ಒಳಗಿಂದ ತಿಂದಿದೆ. ವೆಲ್ಡಿಂಗ್ ಮಾಡಿಸಬೇಕಾದ್ದು ಈ ಫ್ರೇಮ್ ಮಾತ್ರ. ಪ್ಲಾಸ್ಟಿಕ್ ಪಕ್ಕದಲ್ಲಿ ಇಲ್ಲದಿರುವಾಗ ಹತ್ತಿರದ ವರ್ಕ್‌ಶಾಪಿಗೆ ಕೊಂಡೊಯ್ದು ಮಾಡಿಸಿ. ಆಮೇಲೆ ಮರಳು ಹೊಡೆಸಿ ಎಪಾಕ್ಸಿ ಪ್ರೈಮರ್ ಹಚ್ಚಿ. ಮತ್ತೆ ಕೂರಿಸುವಾಗ ಪ್ರತಿ ಬೋಲ್ಟಿಗೂ ಅಗಲವಾದ ವಾಷರ್, ಅದರಡಿಗೆ ಮೆತ್ತಗೆ ಅಂಟುವ ರಬ್ಬರಿನಂಥ ಬ್ಯುಟೈಲ್ ಟೇಪು. ಮೇಲಿನ ಬಾಡಿ, ಕೆಳಗಿನ ಟಬ್ ಸೇರುವ ಅಂಚಿಗೂ ಅದೇ ಟೇಪು. ಬಿಚ್ಚಬೇಕಾದಾಗ ಸುಲಭವಾಗಿ ಬಿಡುತ್ತದೆ, ಗಟ್ಟಿಯಾಗಿ ಒಡೆಯುವುದಿಲ್ಲ.

ಫ್ರೇಮ್ ತೆಗೆಯಬೇಕು ಅಂದರೆ ಆಕ್ಸೆಲ್ ಮೊದಲು ಹೊರಗೆ ಬರಬೇಕಲ್ವಾ? ಇಲ್ಲೇ ತಾಳ್ಮೆ ಪರೀಕ್ಷೆ. ಬೇರಿಂಗಿನ ಒಳ ಬಳೆ ಆಕ್ಸೆಲ್‌ಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಕೆಲವಕ್ಕೆ ಸಣ್ಣ ಅಲೆನ್ ಸ್ಕ್ರೂ ಇರುತ್ತದೆ. ಕೆಲವಕ್ಕೆ ತಿರುಗಿಸಿ ಬಿಗಿಯುವ ಕಾಲರ್ ಇರುತ್ತದೆ, ಅದನ್ನು ಬಿಗಿದ ದಿಕ್ಕಿನ ಉಲ್ಟಾ ತಟ್ಟಿ ಬಿಡಿಸಬೇಕು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಡಿ. ಆಕ್ಸೆಲ್‌ನ ತೆರೆದ ಭಾಗವನ್ನು ಎಮರಿ ಪಟ್ಟಿಯಿಂದ ಹೊಳೆಯುವ ತನಕ ಉಜ್ಜಿ, ಆಮೇಲೆ ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಹಾಕಿ. ಟಬ್ಬಿನ ಒಳಗೆ ಗ್ಯಾಸ್ ಟಾರ್ಚ್ ಹಚ್ಚುವ ಯೋಚನೆ ಬಂದರೆ ಅವತ್ತಿನ ಕೆಲಸ ನಿಲ್ಲಿಸಿ ಊಟಕ್ಕೆ ಹೋಗಿ. ಬೇರಿಂಗ್ ಉಳಿಸಿಕೊಳ್ಳುವ ಆಸೆ ಬೇಡ. ಸಣ್ಣ ಗ್ರೈಂಡರಿನಲ್ಲಿ ಒಳ ಬಳೆಯನ್ನು ಮುಕ್ಕಾಲು ಕೊಯ್ದು, ಉಳಿಯಿಂದ ಒಡೆದು ತೆಗೆದರೂ ಆಯಿತು. ಆಕ್ಸೆಲ್‌ಗೆ ಮಾತ್ರ ಗಾಯ ಆಗಬಾರದು. ಕೊಯ್ಯುವ ಮುನ್ನ ಪೆಟ್ರೋಲ್ ಟ್ಯಾಂಕ್, ಪೈಪು ಎಲ್ಲವನ್ನೂ ಗ್ಯಾರೇಜಿನಿಂದ ಆಚೆ ಇಡಿ.

ಬೇರಿಂಗ್ ಹನ್ನೆರಡನ್ನೂ ಬದಲಾಯಿಸಿ. ಎರಡು ಚೆನ್ನಾಗಿವೆ ಅಂತ ಉಳಿಸಿದರೆ ಆ ಎರಡಕ್ಕೋಸ್ಕರ ಮುಂದಿನ ವರ್ಷ ಇಷ್ಟೂ ಬಿಚ್ಚಬೇಕಾಗುತ್ತದೆ. ಹೊರಗಿನ ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಆಕ್ಸೆಲ್ ಮೇಲೆ ಗೆರೆ ಬಿದ್ದಿದೆಯಾ ಅಂತ ಉಗುರಿನಿಂದ ನೋಡಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿದರೂ ನೀರು ಬರುತ್ತದೆ. ಅಲ್ಲಿಗೆ ತೆಳುವಾದ ಸ್ಟೀಲ್ ಸ್ಲೀವ್ ಕೂರಿಸಬಹುದು. ಅಥವಾ ಲೇತ್ ಇರುವವರ ಹತ್ತಿರ ಅದೇ ಅಳತೆಯ ಹೊಸ ಆಕ್ಸೆಲ್ ಮಾಡಿಸಬಹುದು. ಬರೀ ಒಂದು ಗುಂಡನೆಯ ಸರಳು, ಕೀ (ಸರಳಿನ ಮೇಲೆ ಭಾಗ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ಸೀಳು, ತುದಿಗೆ ಚಕ್ರ ಕೂರುವ ಹಬ್ಬು. ದೊಡ್ಡ ವಿದ್ಯೆಯೇನಲ್ಲ. ಬಗ್ಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ, ಹೊಸದೇ ಮಾಡಿಸಿ. ಮತ್ತೆ ಜೋಡಿಸುವಾಗ ಒಳಗೆ ಪೂರ್ತಿ ಗ್ರೀಸ್ ತುಂಬಿ. ಇಲ್ಲಿ ಬಳಸಬೇಕಾದ್ದು ನೀರಿಗೆ ಕರಗದ, ದೋಣಿ ಟ್ರೈಲರ್ ಚಕ್ರಕ್ಕೆ ಹಾಕುವ ಗ್ರೀಸ್.

ಚೈನ್ ನೋಡಲು ಟೇಪು ಸಾಕು. ಐದು-ಎಂಟಂಶ ಇಂಚಿನ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ) ಇದ್ದರೆ 12 ಪಿಚ್‌ಗೆ 190.5 ಮಿಮೀ ಬರಬೇಕು. ಎಳೆದು ಹಿಡಿದು ಅಳೆದಾಗ 194 ದಾಟಿದರೆ ಚೈನ್ ಮುಗಿದಿದೆ. ಅರ್ಧ ಇಂಚಿನದಾದರೆ 152.4 ಇರಬೇಕಾದ್ದು, 155ರ ಮೇಲೆ ಹೋದರೆ ಬಿಸಾಕಿ. ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರದ ಹಲ್ಲು ಕೊಕ್ಕೆಯ ಹಾಗೆ ಒಂದು ಕಡೆ ವಾಲಿದ್ದರೆ ಅದನ್ನೂ ಚೈನ್ ಜೊತೆಗೇ ಬದಲಾಯಿಸಿ. ತವಕದಲ್ಲಿ ಚೈನನ್ನು ತಂತಿಯಂತೆ ಬಿಗಿಯಬೇಡಿ. ಬೆರಳಲ್ಲಿ ಒತ್ತಿದರೆ ಸ್ವಲ್ಪ ಆಡಬೇಕು, ಇಲ್ಲದಿದ್ದರೆ ಹೊಸ ಬೇರಿಂಗ್ ಬೇಗ ಸಾಯುತ್ತದೆ.

ಎಡ ಲಿವರ್ ಕಥೆಗೆ ಬರೋಣ. ಈ ಗಾಡಿಗೆ ಸ್ಟೀರಿಂಗ್ ಇಲ್ಲ, ಚಕ್ರ ಹೊರಳುವುದೂ ಇಲ್ಲ. ನಮ್ಮ ಕಡೆ ಗದ್ದೆಯಲ್ಲಿ ಪವರ್ ಟಿಲ್ಲರ್ ಹೊಡೆದವರಿಗೆ ಇದು ಬೇಗ ಅರ್ಥ ಆಗುತ್ತದೆ: ಎಡಕ್ಕೆ ತಿರುಗಬೇಕಾದರೆ ಎಡಗೈ ಕ್ಲಚ್ ಒತ್ತುತ್ತೀರಿ, ಆ ಚಕ್ರಕ್ಕೆ ಶಕ್ತಿ ಹೋಗುವುದು ನಿಲ್ಲುತ್ತದೆ, ಬಲ ಚಕ್ರ ತಳ್ಳುತ್ತದೆ. ಟಿ-20 ಅದೇ ತತ್ವದ ಮೇಲೆ ಇನ್ನೊಂದು ಹೆಜ್ಜೆ ಹೋಗುತ್ತದೆ. ಲಿವರನ್ನು ಸ್ವಲ್ಪ ಎಳೆದರೆ ಆ ಕಡೆಯ ಮೂರು ಚಕ್ರಕ್ಕೆ ಶಕ್ತಿ ನಿಲ್ಲುತ್ತದೆ. ಇನ್ನೂ ಎಳೆದರೆ ಗೇರ್‌ಬಾಕ್ಸ್ ಒಳಗಿನ ಬ್ಯಾಂಡ್ ಬಿಗಿದು ಬ್ರೇಕ್ ಬೀಳುತ್ತದೆ. ಎರಡೂ ಲಿವರ್ ಒಟ್ಟಿಗೆ ಎಳೆದರೆ ಗಾಡಿ ನಿಲ್ಲುತ್ತದೆ. ಅಂದರೆ ನಿಮ್ಮ ಗಾಡಿಗೆ ಈಗ ಎಡಕ್ಕೆ ತಿರುಗುವುದೂ ಇಲ್ಲ, ನೆಟ್ಟಗೆ ನಿಲ್ಲುವುದೂ ಇಲ್ಲ. ಓಡಿಸುವ ಮೊದಲೇ ತಳ್ಳಿ ನೋಡಿದ್ದು ಒಳ್ಳೆಯದಾಯಿತು.

ಗೇರ್‌ಬಾಕ್ಸ್ ಬಿಚ್ಚುವುದು ಕೊನೆಯ ಮಾತು. ಆಕ್ಸೆಲ್, ಚೈನ್ ಬಿಚ್ಚುವ ಮುಂಚೆಯೇ ಈ ಪರೀಕ್ಷೆ ಮಾಡಿಬಿಡಿ. ಫ್ರೇಮಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಆರೂ ಚಕ್ರ ನೆಲ ಬಿಡುವಂತೆ ಎತ್ತಿ. ಒಬ್ಬರು ಎಡ ಲಿವರ್ ಪೂರ್ತಿ ಎಳೆದು ಹಿಡಿಯಲಿ, ನೀವು ಚಕ್ರ ತಿರುಗಿಸುತ್ತಾ ಗೇರ್‌ಬಾಕ್ಸಿನಿಂದ ಹೊರಬರುವ ಎಡ ಸ್ಪ್ರಾಕೆಟ್ ನೋಡಿ. ಸ್ಪ್ರಾಕೆಟ್ ನಿಂತಿದೆ, ಚಕ್ರ ಮಾತ್ರ ತಿರುಗುತ್ತಿದೆ ಅಂದರೆ ತಪ್ಪು ಗೇರ್‌ಬಾಕ್ಸಿನದಲ್ಲ: ಚೈನ್ ತುಂಡಾಗಿದೆ, ಇಲ್ಲವೇ ಸ್ಪ್ರಾಕೆಟ್ ಕೀ ಮುರಿದಿದೆ. ಸ್ಪ್ರಾಕೆಟ್ಟೂ ತಿರುಗುತ್ತಿದ್ದರೆ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಕಡ್ಡಿ ನೋಡಿ. ಬಲಗಡೆಯದು ಎಷ್ಟು ದೂರ ಚಲಿಸುತ್ತದೆ, ಎಡಗಡೆಯದು ಎಷ್ಟು ಅಂತ ಹೋಲಿಸಿ. ಸವೆದ ಪಿನ್, ಅಗಲವಾದ ತೂತು ಸೇರಿ ಅರ್ಧ ಎಳೆತ ಅಲ್ಲೇ ಕಳೆದುಹೋಗಿರಬಹುದು. ಕಡ್ಡಿ ಸರಿ ಇದ್ದರೆ ಆಮೇಲೆ ಬ್ಯಾಂಡಿನ ಅಡ್ಜಸ್ಟ್‌ಮೆಂಟ್, ಕೈಪಿಡಿಯಲ್ಲಿ ಹೇಳಿದಂತೆ. ಅದೂ ಆಗದಿದ್ದರೆ ಮಾತ್ರ ಸವೆದ ಬ್ಯಾಂಡ್.

ಗೇರ್‌ಬಾಕ್ಸ್ ಎಣ್ಣೆಯನ್ನು ಒಂದು ಬಿಳಿ ಬಟ್ಟಲಿಗೆ ಇಳಿಸಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಒಳಗೆ ನೀರು ಹೋಗಿದೆ. ಹಾಗಿದ್ದರೆ ಹೊಸ ಎಣ್ಣೆ ಹಾಕಿ, ಚಕ್ರ ಕೈಯಲ್ಲಿ ತಿರುಗಿಸಿ, ಮತ್ತೆ ಇಳಿಸಿ. ಬಣ್ಣ ತಿಳಿಯಾಗುವ ತನಕ ಹೀಗೆ ಮಾಡಿ, ನೀರು ಬಂದ ಸೀಲನ್ನೂ ಬದಲಾಯಿಸಿ. ಲೋಹದ ದೊಡ್ಡ ಚೂರು ಕಂಡರೆ ಬಿಚ್ಚಲೇಬೇಕು. ಇಂಥ ಟಿ-20ಗಳನ್ನು ಬಿಚ್ಚಿ ಅಭ್ಯಾಸ ಇರುವವರ ಕೈಗೆ ಕೊಡಿ ಅನ್ನುವುದು ನನ್ನ ಸಲಹೆ. ಒಳಗಿರುವ ಗೇರು, ಬ್ಯಾಂಡುಗಳ ಜೋಡಣೆ ಮೊದಲ ಸಲಕ್ಕೆ ಕಲಿಯುವ ವಸ್ತುವಲ್ಲ.

ಆರ್ಗೋ ಓಡಿಸಿದ ಸ್ನೇಹಿತರು ನಿಮಗೆ ಬೇರೆಯೇ ಸಲಹೆ ಕೊಡಬಹುದು. ಅದರಲ್ಲಿ ಡಿಫರೆನ್ಷಿಯಲ್ ಇದೆ, ಒಂದು ಕಡೆ ನಿಧಾನವಾದರೆ ಇನ್ನೊಂದು ಕಡೆ ವೇಗ ಹೆಚ್ಚುತ್ತದೆ. ನಿಮ್ಮದರಲ್ಲಿ ಹಾಗಾಗುವುದಿಲ್ಲ. ಅವರ ಅಡ್ಜಸ್ಟ್‌ಮೆಂಟ್ ಲೆಕ್ಕ ಇಲ್ಲಿ ಹಾಕಬೇಡಿ.

ಟೈರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದಕ್ಕೆ ಸ್ಪ್ರಿಂಗ್ ಇಲ್ಲ, ಆ ಕೆಲಸವೂ ಟೈರಿನದೇ. ನೀರಿನಲ್ಲಿ ಹುಟ್ಟು ಹಾಕುವುದೂ ಟೈರೇ. ಗಾಳಿ ಸುಮಾರು 2 ಪಿಎಸ್‌ಐ ಅಷ್ಟೇ. ಕಾರಿನ ಗೇಜಿನಲ್ಲಿ ಅಷ್ಟು ಕಡಿಮೆ ಓದಲು ಆಗುವುದಿಲ್ಲ, ಎಟಿವಿಗೆ (ಇಂಥ ಕಾಡುಮೇಡಿನ ಗಾಡಿಗಳಿಗೆ) ಅಂತಲೇ ಇರುವ ಗೇಜ್ ತನ್ನಿ. ಆರೂ ಟೈರಿಗೆ ಗಾಳಿ ತುಂಬಿ ಸುತ್ತಳತೆ ಅಳೆಯಿರಿ. ಒಂದೇ ಬದಿಯ ಮೂರು ಚಕ್ರಗಳು ಚೈನಿನಿಂದ ಕಟ್ಟಿಕೊಂಡಿವೆ. ಒಂದು ದೊಡ್ಡದು, ಒಂದು ಚಿಕ್ಕದು ಆದರೆ ಅವು ಪ್ರತಿ ಸುತ್ತಿಗೂ ಜಗಳ ಆಡುತ್ತವೆ, ಚೈನ್ ಸವೆಯುತ್ತದೆ. ಎಡಬದಿ, ಬಲಬದಿ ಬೇರೆ ಬೇರೆಯಾದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸ್ವಲ್ಪ ವ್ಯತ್ಯಾಸವನ್ನು ಗಾಳಿಯಲ್ಲೇ ಸರಿ ಮಾಡಬಹುದು. ಜಾಸ್ತಿ ಇದ್ದರೆ ಆರನ್ನೂ ಒಂದೇ ಕಡೆಯಿಂದ ತರಿಸಿ. ಹೌದು, ದುಬಾರಿ. ಡಾಂಬರಿನ ಮೇಲೆ ಗಿರಕಿ ಹೊಡೆಸುವ ಚಪಲ ಮಾತ್ರ ಬೇಡ. ಅಲ್ಲಿ ಟೈರ್ ಜಾರುವುದಿಲ್ಲ, ಎಳೆತವೆಲ್ಲ ಆಕ್ಸೆಲ್ ಮತ್ತು ಚೈನಿಗೆ ಬೀಳುತ್ತದೆ.

ಇನ್ನು ಎಂಜಿನ್. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ತುಕ್ಕೆಣ್ಣೆ ಬಿಟ್ಟು ಟಬ್ ಕೆಲಸ ನಡೆಯುವಷ್ಟು ದಿನವೂ ನೆನೆಯಲಿ. ಎಂಜಿನ್ ಆಮೇಲೆ ಅಂದಿದ್ದಕ್ಕೆ ಇದೂ ಒಂದು ಕಾರಣ. ಸ್ಟಾರ್ಟರ್ ಹಗ್ಗ ಜಗ್ಗಿ ಬಿಡಿಸಲು ಹೋಗಬೇಡಿ. ಹೆಡ್ ತೆಗೆದು, ಮರದ ತುಂಡಿಟ್ಟು ಪಿಸ್ಟನ್ ಮೇಲೆ ಮೆಲ್ಲಗೆ ತಟ್ಟಿ. ಬಿಟ್ಟುಕೊಂಡ ಮೇಲೆ ಬೋರಿನಲ್ಲಿ ಗೆರೆ ಎಷ್ಟು ಆಳ ಅಂತ ನೋಡಿ. ಟು-ಸ್ಟ್ರೋಕ್‌ನಲ್ಲಿ ಜನ ಮರೆಯುವುದು ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ಸರಳು) ತುದಿಯ ಸೀಲ್. ಅದು ಒಣಗಿ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಹೋಗಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಜೊತೆಗೆ ಹೋಗಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ, ಪಿಸ್ಟನ್ ಮತ್ತೆ ಹಿಡಿಯುತ್ತದೆ. ಬಹುಶಃ ನಿಮ್ಮದು ಜಾಮ್ ಆಗಿದ್ದೂ ಹಾಗೇ ಇರಬಹುದು. ಸೀಲ್ ಹೊಸದು ಹಾಕದೆ ಪಿಸ್ಟನ್ ಮಾತ್ರ ಬದಲಾಯಿಸಬೇಡಿ. ಕಾರ್ಬ್ಯುರೇಟರ್ ಕಿಟ್, ಕಿಡಿ ಹೊತ್ತಿಸುವ ಪಾಯಿಂಟ್ ಮತ್ತು ಕಂಡೆನ್ಸರ್, ಪೆಟ್ರೋಲ್ ಪೈಪು ಎಲ್ಲವೂ ಹೊಸದಿರಲಿ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಕೆಡಿಸುತ್ತದೆ, ಎಥನಾಲ್ ಇಲ್ಲದ್ದು ಸಿಕ್ಕರೆ ಅದನ್ನೇ ಹಾಕಿ. ಎಣ್ಣೆ ಬೆರೆಸುವ ಲೆಕ್ಕ ಎಂಜಿನ್ ಮೇಲೆ ಬರೆದಿರುವಂತೆ. 20ಕ್ಕೆ 1 ಅಂತಿದ್ದರೆ ಲೀಟರಿಗೆ 50 ಮಿಲಿ.

ಕ್ರ್ಯಾಂಕ್ ಹೋಗಿದ್ದರೆ ಆಗ ಹೊಸ ಫೋರ್-ಸ್ಟ್ರೋಕ್ ವಿ-ಟ್ವಿನ್ (ಎರಡು ಸಿಲಿಂಡರಿನ ಎಂಜಿನ್) ಹಾಕಿ, ನನ್ನ ತಕರಾರಿಲ್ಲ. ಬಹಳ ಜನ ಹಾಕುತ್ತಾರೆ, ಸದ್ದೂ ಕಡಿಮೆ. ಆದರೆ ಅದು ಬರೀ ಎಂಜಿನ್ ಬದಲಾವಣೆ ಅಲ್ಲ. ಹಳೇ ಟು-ಸ್ಟ್ರೋಕ್ ಹೆಚ್ಚು ಸುತ್ತಿನಲ್ಲಿ ಶಕ್ತಿ ಕೊಡುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರದಂಥ ಫೋರ್-ಸ್ಟ್ರೋಕ್ ನಿಮಿಷಕ್ಕೆ 3,600 ಸುತ್ತಿನ ಹತ್ತಿರವೇ ಮಿತಿ ಮುಟ್ಟುತ್ತದೆ. ಹಳೇ ಕ್ಲಚ್ಚಿನ ಸ್ಪ್ರಿಂಗು, ತೂಕ ಹಾಗೇ ಬಿಟ್ಟರೆ ಬೆಲ್ಟ್ ಸರಿಯಾಗಿ ಹಿಡಿಯುವುದೇ ಇಲ್ಲ, ಸುಟ್ಟ ವಾಸನೆ ಬರುತ್ತದೆ. ಕ್ಲಚ್ಚನ್ನೂ ಆ ಎಂಜಿನ್‌ಗೆ ಹೊಂದುವಂಥದ್ದೇ ತರಬೇಕು, ಎರಡು ಪುಲ್ಲಿ ಒಂದೇ ನೇರದಲ್ಲಿ ಕೂರಬೇಕು. ಹೊಗೆ ಕೊಳವೆ ಪ್ಲಾಸ್ಟಿಕ್ಕಿಗೆ ಹತ್ತಿರ ಬಂದರೆ ನಡುವೆ ತಗಡಿನ ಮರೆ ಕಡ್ಡಾಯ. ತೂಕ ಹೆಚ್ಚಾದರೆ ನೀರಿನಲ್ಲಿ ಹಿಂಭಾಗ ಕುಸಿಯುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ಕೆಳಗೆ ಬಿದ್ದು ಹೋಗುತ್ತದೆ. ಇಲ್ಲಿ ಟಬ್ಬಿನ ತಳದಲ್ಲಿ, ನಿಮ್ಮ ಕಾಲಡಿ, ಎಂಜಿನ್ ಪಕ್ಕ ನಿಲ್ಲುತ್ತದೆ. ಪ್ರತಿ ಸಲ ಸ್ಟಾರ್ಟ್ ಮಾಡುವ ಮುನ್ನ ಮುಚ್ಚಳ ತೆರೆದು ಮೂಸಿ ನೋಡಿ. ನೀರು ಎತ್ತುವ ಪಂಪು ದೋಣಿಗೆ ಮಾಡಿದ, ಕಿಡಿ ಹೊರಬರದಂಥದ್ದೇ ಇರಲಿ. ಕೈಗೆ ಸಿಗುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕಟ್ಟಿ.

ತಳ ಸೋರುತ್ತದಾ ಅಂತ ನೋಡಲು ಲೇಕ್‌ವರೆಗೆ ಹೋಗಬೇಕಿಲ್ಲ. ಎಂಜಿನ್ ಕೂರಿಸುವ ಮೊದಲು ಗಾಡಿಯನ್ನು ಸ್ಟ್ಯಾಂಡ್ ಮೇಲಿಟ್ಟು ಟಬ್ಬಿನ ಒಳಗೆ ಹೋಸ್ ಪೈಪಿನಿಂದ ನೀರು ಬಿಡಿ. ವೆಲ್ಡ್ ಮಾಡಿದ ಜಾಗ, ತಳದ ಬೋಲ್ಟು ಮುಳುಗುವಷ್ಟು ಸಾಕು. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳದಲ್ಲಿ 10 ಸೆಂಮೀ ನೀರು ಅಂದರೆ 150 ಕೆಜಿ ಆಯಿತು, ಸ್ಟ್ಯಾಂಡ್ ಗಟ್ಟಿ ಇರಲಿ. ಹೊರಗಿನಿಂದ ಒಣ ಕಾಗದ ಒತ್ತುತ್ತಾ ಹೋದರೆ ಸೋರುವ ಕಡೆ ತಾನಾಗಿ ಕಾಣುತ್ತದೆ. ಆಕ್ಸೆಲ್ ಸೀಲಿಗೆ ಮಾತ್ರ ಈ ಪರೀಕ್ಷೆ ನಂಬಬೇಡಿ. ಅದರ ತುಟಿ ಹೊರಗಿನ ನೀರು ತಡೆಯಲು ಇರುವುದು, ಒಳಗಿಂದ ಬಂದರೆ ಸ್ವಲ್ಪ ಬಿಡಬಹುದು.

ಕೊನೆಗೆ ಮಕ್ಕಳ ಮಾತು. ಮೊದಲು ನೀವೊಬ್ಬರೇ ಇಳಿಯಿರಿ. ಸೊಂಟದಷ್ಟು ನೀರು, ಗಾಳಿ ಇಲ್ಲದ ದಿನ, ದಡದಲ್ಲಿ ಹಗ್ಗ ಹಿಡಿದ ಇನ್ನೊಬ್ಬರು. ತಳದ ಡ್ರೈನ್ ಪ್ಲಗ್ ಹಾಕಿದ್ದೀರಾ ಅಂತ ಎರಡು ಸಲ ನೋಡಿ, ಇದನ್ನು ಮರೆತು ಮುಳುಗಿಸಿದವರು ಕಡಿಮೆ ಇಲ್ಲ. ದಡಕ್ಕೆ ನೇರವಾಗಿ, ನಿಧಾನ ಇಳಿಯಿರಿ. ನೀರಿನಲ್ಲಿ ಇದರ ವೇಗ ಮನುಷ್ಯ ನಡೆಯುವಷ್ಟೇ, ಗಂಟೆಗೆ 4-5 ಕಿಮೀ. ಎದುರು ಗಾಳಿ ಬಂದರೆ ನಿಂತಲ್ಲೇ ನಿಲ್ಲುತ್ತದೆ, ಹರಿಯುವ ಹೊಳೆಯಲ್ಲಿ ಹೊಳೆ ಹೇಳಿದ ಕಡೆ ಹೋಗುತ್ತದೆ. ಎಂಜಿನ್ ನಿಂತರೆ ತಿರುಗಿಸಲೂ ಆಗುವುದಿಲ್ಲ, ಹಾಗಾಗಿ ಒಂದು ಹುಟ್ಟು ಯಾವಾಗಲೂ ಒಳಗಿರಲಿ. ಇಳಿಯುವುದಕ್ಕಿಂತ ಹತ್ತುವುದು ಕಷ್ಟ. ಎಲ್ಲಿ ಹತ್ತುತ್ತೀರಿ ಅಂತ ಇಳಿಯುವ ಮೊದಲೇ ನೋಡಿಟ್ಟುಕೊಳ್ಳಿ. ಅರ್ಧ ಗಂಟೆ ಆಡಿಸಿ ಮೇಲೆ ತಂದು ಪ್ಲಗ್ ತೆಗೆದು ಎಷ್ಟು ನೀರು ಬಂತು ಅಂತ ನೋಡಿ. ಒಂದು ಚೊಂಬು ಬಂದರೆ ಸಹಜ. ಬಕೆಟ್ ಬಂದರೆ ಯಾವ ಆಕ್ಸೆಲ್ ಅಂತ ಹುಡುಕಬೇಕು. ಪ್ರತಿ ಸಲ ನೀರಿನಿಂದ ಬಂದ ಮೇಲೆ ಬೇರಿಂಗುಗಳಿಗೆ ಗ್ರೀಸ್ ಒತ್ತಿ, ಚೈನಿಗೆ ಎಣ್ಣೆ ಬಿಡಿ. ಹೀಗೆ ಕೆಲವು ಸಲ ಚೊಂಬಿನಲ್ಲೇ ನಿಂತ ಮೇಲೆ ಒಂದು ಮಗುವನ್ನು ಕೂರಿಸಿಕೊಳ್ಳಿ, ದಡದಲ್ಲೇ ಲೈಫ್ ಜಾಕೆಟ್ ಹಾಕಿಸಿ, ಕಾಲು ಮುಟ್ಟುವ ನೀರಿನಲ್ಲಿ. ನೀರಿನಲ್ಲಿದ್ದಾಗ ಸೀಟ್ ಬೆಲ್ಟ್ ಕಟ್ಟಬಾರದು. ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಈ ಬೇಸಿಗೆಗೆ ಬೇಡ, ನಿಮಗೆ ಇರುವುದು ಎರಡೇ ಕೈ, ಆ ಎರಡೂ ಲಿವರ್ ಮೇಲಿರುತ್ತವೆ.